ಯಾರೂ ಕೊಂಡೊಯ್ಯದ ಫೋಟೋಗಳು

ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ವರ್ಷಗಳಲ್ಲಿ ನನಗೆ ಭಾನುವಾರವೂ ರಜೆ ಇರಲಿಲ್ಲ. ಹತ್ತನೇ ತರಗತಿಯಲ್ಲಿ ನಪಾಸಾಗಿಯೋ, ಅದಕ್ಕೂ ಮೊದಲೇ ಶಾಲೆ ಬಿಟ್ಟೋ ಮನೆಯಲ್ಲಿ ಉಳಿದುಬಿಟ್ಟಿದ್ದ ಹೆಣ್ಣುಮಕ್ಕಳು ಕೆಲವರು ಮತ್ತೆ ಪರೀಕ್ಷೆ ಕಟ್ಟಿದ್ದರು. ಅವರಿಗೆ ಭಾನುವಾರ ಬೆಳಿಗ್ಗೆ ಕನ್ನಡ ಹೇಳಿಕೊಡಲಾದೀತೇ ಎಂದು ಹೆಡ್ಮಾಸ್ಟರು ಕೇಳಿದರು. ಹ್ಞೂಂ ಅಂದೆ. ನಾನಿದ್ದದ್ದು ಚಿಕ್ಕಬಳ್ಳಾಪುರದಲ್ಲಿ, ಅದು ಆಗಿನ್ನೂ ಕೋಲಾರ ಜಿಲ್ಲೆಗೇ ಸೇರಿತ್ತು. ಮನೆಯವರಿಗೆ ತಿಂಡಿ ಮಾಡಿಟ್ಟು ಬಸ್ಸು ಹತ್ತಿದರೆ, ಶಿಡ್ಲಘಟ್ಟದಲ್ಲಿ ಇಳಿಯುವ ಹೊತ್ತಿಗೆ ಬೇಯಿಸಿದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೊಸಬರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಭಾನುವಾರದ ವಾಸನೆಯಾಗಿಬಿಟ್ಟಿತ್ತು.

ಬರುತ್ತಿದ್ದವರಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡ ಆಡುವವರಲ್ಲ. ಕೆಲವರದು ತೆಲುಗು, ಕೆಲವರದು ಉರ್ದು. ನನ್ನದೂ ತೆಲುಗೇ. ಚಿಂತಾಮಣಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಕನ್ನಡವನ್ನು ಶಾಲೆಯಲ್ಲಿ ಕಲಿತವಳು ನಾನು. ತೆಲುಗಿನಲ್ಲಿ ಹೆಂಗಸು ಬಂದರೂ ಬಂಡಿ ಬಂದರೂ ಕ್ರಿಯಾಪದ ಒಂದೇ. ಹಾಗಾಗಿ ಚಿಕ್ಕಂದಿನಲ್ಲಿ "ಅಕ್ಕ ಬಂತು" ಎಂದು ಬರೆದು, "ನಿಮ್ಮಕ್ಕ ಏನು ಬಸ್ಸಾ, ಬಂತು ಅನ್ನೋಕೆ?" ಎಂದು ಮೇಷ್ಟ್ರಿಂದ ಅನ್ನಿಸಿಕೊಂಡಿದ್ದೆ. ಇಡೀ ಕ್ಲಾಸು ನಕ್ಕಿತ್ತು. ಆ ನಗು ನೆನಪಿದ್ದುದರಿಂದಲೋ ಏನೋ, ಈ ಹೆಣ್ಣುಮಕ್ಕಳ ಮಾತಿನ ತಪ್ಪುಗಳಿಗೆ ನನಗೆ ಸಿಟ್ಟು ಬರುತ್ತಿರಲಿಲ್ಲ.

ಸಂಕಟವಾಗುತ್ತಿದ್ದುದು ಬೇರೆಯದಕ್ಕೆ. ಬರೆಯುವಾಗ ಅವರು ತಪ್ಪೇ ಮಾಡುತ್ತಿರಲಿಲ್ಲ. ಪ್ರಬಂಧ ಬರೆಯಿರಿ ಎಂದರೆ ಗೈಡಿನಲ್ಲಿದ್ದುದನ್ನು ಬಾಯಿಪಾಠ ಮಾಡಿ ಅಕ್ಷರ ಬಿಡದೆ ಇಳಿಸುತ್ತಿದ್ದರು. ಗ್ರಂಥಾಲಯದ ಮೆಟ್ಟಿಲು ಹತ್ತದವರು "ಗ್ರಂಥಾಲಯವು ಜ್ಞಾನದ ಭಂಡಾರ" ಎಂದು ಬರೆಯುತ್ತಿದ್ದರು. ಎಲ್ಲರದೂ ಒಂದೇ ವಾಕ್ಯ, ಒಂದೇ ಮುಕ್ತಾಯ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿದರೆ ಮುಗಿಯಿತು, ಪೆನ್ನು ನಿಂತೇಹೋಗುತ್ತಿತ್ತು.

ಅವರಲ್ಲಿ ಇಬ್ಬರು ಯಾವಾಗಲೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಒಬ್ಬಾಕೆ ಜಂಗಮಕೋಟೆಯಿಂದ ಬರುತ್ತಿದ್ದ ಅಂಗನವಾಡಿ ಸಹಾಯಕಿ. ನಲವತ್ತರ ಹತ್ತಿರದವಳು, ಮನೆಮಾತು ತೆಲುಗು. ಮಕ್ಕಳನ್ನು ಮನೆಮನೆಯಿಂದ ಕರೆತಂದು, ಅವರಿಗೆ ಅಡುಗೆ ಮಾಡಿ, ಮೂಗು ಒರೆಸಿ, ಮತ್ತೆ ಮನೆಗೆ ಬಿಟ್ಟು ಬರುವ ಕೆಲಸ. ಹತ್ತನೇ ತರಗತಿ ಪಾಸಾದರೆ ಮುಂದೆ ಕಾರ್ಯಕರ್ತೆಯಾಗಬಹುದೆಂಬ ಆಸೆ. ಇನ್ನೊಬ್ಬಳು ಶಿಡ್ಲಘಟ್ಟದವಳೇ, ಗೂಡಿನಿಂದ ನೂಲು ತೆಗೆಯುವ ಮನೆಯ ಹುಡುಗಿ, ಇಪ್ಪತ್ತೂ ತುಂಬಿರಲಿಲ್ಲ. ಮನೆಯಲ್ಲಿ ಉರ್ದು. ಉಳಿದೆಲ್ಲ ವಿಷಯ ಪಾಸಾಗಿ ಕನ್ನಡವೊಂದರಲ್ಲಿ ಉಳಿದುಬಿಟ್ಟಿದ್ದಳು. ಟೀಚರ್ ಆಗಬೇಕೆಂದು ಅವಳ ಹಟ. ತಾಯಿ ಮಗಳಷ್ಟು ವಯಸ್ಸಿನ ಅಂತರವಿದ್ದರೂ ಹುಡುಗಿ ಸಹಾಯಕಿಯನ್ನು "ಅಕ್ಕ" ಎನ್ನುತ್ತಿದ್ದಳು.

ಫೋಟೋಗಳು ನನ್ನ ಕೈಗೆ ಬಂದದ್ದು ಆ ವರ್ಷದ ದಸರಾ ರಜೆಯಲ್ಲಿ. ಚಿಂತಾಮಣಿಯಲ್ಲಿ ನನ್ನ ಚಿಕ್ಕಪ್ಪನ ಫೋಟೋ ಸ್ಟುಡಿಯೋ ಇತ್ತು. ಚಿಕ್ಕಪ್ಪ ಹೋದ ಮೇಲೆ ಅವರ ಮಗ ನೋಡಿಕೊಳ್ಳುತ್ತಿದ್ದ. ಅವನು ಹೊಸದಾಗಿ ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರು ತಂದು, ಕತ್ತಲೆ ಕೋಣೆಯನ್ನು ಖಾಲಿ ಮಾಡುತ್ತಿದ್ದ. ನಾನು ಹೋದಾಗ ಅಂಗಳದಲ್ಲಿ ಹಳೆಯ ಫಿಲ್ಮು, ರಟ್ಟು, ಮುರಿದ ಲೈಟ್ ಸ್ಟ್ಯಾಂಡುಗಳ ರಾಶಿ. ಅದರ ಮೇಲೊಂದು ದೊಡ್ಡ ಬಿಸ್ಕತ್ತಿನ ಡಬ್ಬ. ಮುಚ್ಚಳ ತೆಗೆದರೆ ತುಂಬ ಫೋಟೋ.

"ಇವು ಯಾರ್ದೋ?" ಅಂದೆ.

"ಯಾರಿಗ್ಗೊತ್ತಕ್ಕ. ತೆಗೆಸ್ಕೊಂಡು ಹೋದೋರು ವಾಪಸ್ ಬಂದು ತಗೊಂಡೇ ಇಲ್ಲ. ಅಪ್ಪ ಬಿಸಾಕೋಕೆ ಬಿಡ್ತಿರ್ಲಿಲ್ಲ, ಯಾವತ್ತಾದ್ರೂ ಬರ್ತಾರೆ ಅಂತ. ಈಗ ಸುಟ್ಟು ಹಾಕ್ಬಿಡೋದೇ."

"ಸುಡ್ತೀಯಾ? ಮನುಷ್ಯರ ಮುಖ ಕಣೋ."

"ಹಂಗಾದ್ರೆ ನೀನೇ ಇಟ್ಕೊ" ಎಂದು ನಕ್ಕ.

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ನೋಡುತ್ತ ಬಂದೆ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ತಾನೂ ಕತ್ತು ಚಾಚಿ ನೋಡತೊಡಗಿದಳು. ಟೋಪಿ ಹಾಕಿದ ಮಗುವಿನ ಚಿತ್ರ ಬಂದಾಗ, "ಈ ಮಗೂಗೆ ಟೋಪಿ ಇಷ್ಟ ಇಲ್ಲ ನೋಡಿ, ಕೋಪ ಮಾಡ್ಕೊಂಡೈತೆ" ಅಂದಳು. ಸೈಕಲ್ ಹಿಡಿದು ನಿಂತವನನ್ನು ಕಂಡು, "ಸೈಕಲ್ ಇವ್ನದಲ್ಲ" ಅಂದಳು. ಯಾಕೆ ಎಂದು ಕೇಳಿದ್ದಕ್ಕೆ, "ಸ್ವಂತದ್ದಾಗಿದ್ರೆ ಅಷ್ಟು ಭಯ ಬಿದ್ದು ಹಿಡ್ಕೊತಿದ್ನಾ?" ಅಂದಳು. ನನಗೆ ಆಗಲೇ ಹೊಳೆದದ್ದು. ಫೋಟೋ ಮುಂದಿಟ್ಟರೆ ಜನ ಸುಮ್ಮನಿರುವುದಿಲ್ಲ. ನಮ್ಮ ಹುಡುಗಿಯರು ಮಾತ್ರ ಯಾಕೆ ಸುಮ್ಮನಿದ್ದಾರು?

ಮೊದಲ ಭಾನುವಾರ ನನ್ನ ಲೆಕ್ಕಾಚಾರ ತಲೆಕೆಳಗಾಯಿತು. ಬೆಂಚಿಗೊಂದು ಫೋಟೋ ಕೊಟ್ಟು, "ಇದರಲ್ಲಿ ಏನು ಕಾಣ್ತಿದೆಯೋ ಅದನ್ನ ಬರೀರಿ" ಅಂದೆ. ಆ ಇಬ್ಬರ ಬೆಂಚಿಗೆ ಹೋದದ್ದು ಕಪ್ಪುಬಿಳುಪಿನ ಒಂದು ಹಳೆಯ ಚಿತ್ರ. ಇಬ್ಬರು ತರುಣಿಯರು ಒಂದು ಬೆಂಚಿನ ಮೇಲೆ ಕೂತಿದ್ದಾರೆ. ಹಿಂದೆ ಕೊಳ, ಹಂಸಗಳನ್ನು ಬರೆದ ಪರದೆ. ಇಬ್ಬರೂ ಕೈ ಹಿಡಿದುಕೊಂಡಿದ್ದಾರೆ. ಒಬ್ಬಳು ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾಳೆ, ಇನ್ನೊಬ್ಬಳ ಮುಖ ಪಕ್ಕಕ್ಕೆ ತಿರುಗಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹುಡುಗಿ ಬರೆದಿದ್ದಳು: "ಈ ಚಿತ್ರದಲ್ಲಿ ಇಬ್ಬರು ಮಹಿಳೆಯರಿದ್ದಾರೆ. ಮಹಿಳೆಯು ಸಮಾಜದ ಕಣ್ಣು. ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ." ಮತ್ತೆ ಗೈಡು! ಸಹಾಯಕಿ ಒಂದೇ ಸಾಲು ಬರೆದು ಕೈಕಟ್ಟಿ ಕೂತಿದ್ದಳು: "ಎರಡು ಹೆಂಗಸು ಕೂತಿದೆ."

ನಾನು ಹಾಳೆಗಳನ್ನು ಪಕ್ಕಕ್ಕಿಟ್ಟೆ. "ಬರೆಯೋದು ಬೇಡ ಬಿಡ್ರಮ್ಮ. ಸುಮ್ನೆ ನೋಡಿ. ಯಾರು ಇವರು?"

ಸಹಾಯಕಿ ಫೋಟೋದ ಮೇಲೆ ಬಗ್ಗಿ, "ಓರಗಿತ್ತಿಯರು ಮೇಡಂ" ಅಂದಳು.

"ಅದು ಹೆಂಗೆ ಹೇಳ್ತೀಯಮ್ಮ?"

"ಕೈ ಹಿಡ್ಕೊಂಡಿರೋದು ನೋಡಿ. ಇಷ್ಟ ಇದ್ದು ಹಿಡ್ಕೊಂಡಿಲ್ಲ. ಜಗಳ ಆಡವ್ರೆ. ಅತ್ತೆ ಕರ್ಕೊಂಬಂದು, ಹಿಡ್ಕೊಳ್ರೇ ಅಂತ ಹೇಳವ್ಳೆ."

ಪಕ್ಕದ ಹುಡುಗಿಗೆ ತಡೆಯಲಾಗಲಿಲ್ಲ. "ಇಲ್ಲ ಅಕ್ಕ, ಫ್ರೆಂಡ್ಸು ಇವ್ರು. ಗಟ್ಟಿಯಾಗಿ ಹಿಡ್ಕೊಂಡವ್ರೆ. ಒಬ್ಳು ಊರು ಬಿಟ್ಟು ಹೋಗ್ತಾಳೆ. ಅದಕ್ಕೇ ಇವ್ಳು ಆ ಕಡೆ ಮುಖ ಮಾಡವ್ಳೆ, ಅಳು ಬಂದೈತೆ."

"ಅಳು ಬಂದ್ರೆ ಮೂಗು ಕೆಂಪಾಗಲ್ವೇನೇ?"

"ಕಪ್ಪು ಬಿಳಿ ಫೋಟೋದಲ್ಲಿ ಕೆಂಪು ಎಲ್ಲಿಂದ ಬರುತ್ತೆ ಅಕ್ಕ!"

ಕೋಣೆಯೆಲ್ಲ ನಕ್ಕಿತು. ಸಹಾಯಕಿಯೂ ನಕ್ಕಳು, ಆದರೆ ಸೋಲಲಿಲ್ಲ. ಮುಖ ತಿರುಗಿಸಿಕೊಂಡವಳೇ ಹಿರಿಯ ಸೊಸೆ, ಚಿಕ್ಕವಳು ಬಂದ ಮೇಲೆ ಅಡುಗೆಮನೆಯಲ್ಲಿ ಅವಳ ಮಾತು ನಡೆಯುತ್ತಿಲ್ಲ, ಇತ್ಯಾದಿ. ಹುಡುಗಿ ಅದಕ್ಕೊಂದು, ಇವಳು ಇದಕ್ಕೊಂದು. ಉಳಿದವರೂ ಬೆಂಚು ಬಿಟ್ಟೆದ್ದು ಬಂದು ಪಕ್ಷ ಕಟ್ಟಿದರು. ಕನ್ನಡಕ್ಕೆ ತೆಲುಗು ಬೆರೆಯಿತು, ಉರ್ದು ಬೆರೆಯಿತು, ಯಾರೂ ತಡವರಿಸಲಿಲ್ಲ. ಅಷ್ಟು ತಿಂಗಳಲ್ಲಿ ಅವರು ಆ ಕೋಣೆಯಲ್ಲಿ ಒಟ್ಟಾರೆ ಆಡಿದ್ದ ಮಾತು ಅಷ್ಟಿರಲಿಲ್ಲ.

"ಈಗ ಆಡಿದ್ರಲ್ಲ, ಅದನ್ನೇ ಬರೀರಿ" ಅಂದೆ.

"ಇದನ್ನಾ? ಇದೆಲ್ಲ ಬರೆಯೋ ಮಾತಾ ಮೇಡಂ?" ಸಹಾಯಕಿಗೆ ನಂಬಿಕೆಯೇ ಬರಲಿಲ್ಲ.

ಆ ಮೇಲಿನ ಭಾನುವಾರಗಳಲ್ಲಿ ಪಾಠ ಹೀಗೇ ನಡೆಯಿತು. ಮೊದಲು ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು, ಸೀರೆಯ ಅಂಚು, ಕಾಲಿನ ಚಪ್ಪಲಿ, ಕೂತ ರೀತಿ. ಆಮೇಲೆ ಫೋಟೋ ತೆಗೆಯುವ ಮುಂಚೆ ಏನು ನಡೆದಿರಬಹುದು ಎಂಬುದು. ಕೊನೆಗೆ, ಚಿತ್ರದ ಅಂಚಿನಾಚೆ ಯಾರಿದ್ದಾರು, ಏನಿದ್ದೀತು ಎಂಬುದು. ಗೈಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲವಾದ್ದರಿಂದ ಅವರು ತಮ್ಮ ತಲೆಯನ್ನೇ ತಡಕಬೇಕಾಯಿತು. ತಪ್ಪುಗಳು ರಾಶಿ ರಾಶಿಯಾಗಿ ಬಂದವು. ಹುಡುಗಿಗೆ ಲಕಾರ ಳಕಾರದ ಗೊಂದಲ. ಸಹಾಯಕಿಯ ಹೆಂಗಸರೆಲ್ಲ "ಬಂತು, ಹೋಯ್ತು, ಅತ್ತಿತು". ನಾನು ತಿದ್ದುತ್ತಿದ್ದೆ, ಆದರೆ ಓದುತ್ತ ಓದುತ್ತ ತಿದ್ದುವುದು ಮರೆತುಹೋಗುವಷ್ಟು ಬರವಣಿಗೆಯಲ್ಲಿ ಜೀವ ಬರುತ್ತಿತ್ತು.

ಒಮ್ಮೆ ಸಹಾಯಕಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. "ಮೇಡಂ, ನಮ್ಮಮ್ಮ 'ಬಂತು' ಅಂತಾನೇ ನಾವು ಹೇಳೋದು. ಹಂಗಂದ್ರೆ ಅಮ್ಮಂಗೆ ಮರ್ಯಾದೆ ಕೊಟ್ಟಂಗಾಗಲ್ವಾ?"

"ಹಂಗೇನಿಲ್ಲಮ್ಮ. ಮನೇಲಿ ನಾನೂ ಹಂಗೇ ಅಂತೀನಿ. ಪರೀಕ್ಷೇಲಿ ಮಾತ್ರ 'ಬಂದಳು', 'ಬಂದರು' ಅಂತ ಬರಿ. ಪೇಪರ್ ತಿದ್ದೋರಿಗೆ ನಿಮ್ಮಮ್ಮ ಗೊತ್ತಿಲ್ವಲ್ಲ."

ಆ ಉತ್ತರ ಅವಳಿಗೆ ಹಿಡಿಸಿತು. ಆಮೇಲೆ ತಪ್ಪಿದಾಗೆಲ್ಲ ನಾಲಿಗೆ ಕಚ್ಚಿಕೊಂಡು, "ಅವ್ರಿಗೆ ನಮ್ಮಮ್ಮ ಗೊತ್ತಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಓರಗಿತ್ತಿಯರ ಕತೆ ಮುಗಿಸಲು ಅವಳು ಆ ಫೋಟೋವನ್ನು ಊರಿಗೆ ಕೊಂಡೊಯ್ಯುತ್ತೇನೆ ಅಂದಳು. ಮಕ್ಕಳು ಮಲಗಿದಾಗ ಅಂಗನವಾಡಿಯಲ್ಲೇ ಕೂತು ಬರೆಯುವ ಯೋಚನೆ. ಕೊಟ್ಟು ಕಳಿಸಿದೆ. ಮುಂದಿನ ಭಾನುವಾರ ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಜೊತೆಗೊಬ್ಬ ಹೆಂಗಸಿದ್ದಳು. ಐವತ್ತರ ಹತ್ತಿರದವಳು, ಗಟ್ಟಿಮುಟ್ಟಾದ ಮೈಕಟ್ಟು, ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಕಪ್ಪಾದ ಬೆರಳುಗಳು. ಸಹಾಯಕಿಯ ಮುಖ ಬಿಳುಚಿಕೊಂಡಿತ್ತು.

"ಮೇಡಂ, ಈಯಮ್ಮ ಮೊಮ್ಮಗಳ್ನ ಬಿಡೋಕೆ ಅಂಗನವಾಡಿಗೆ ಬಂತು. ಮೇಜಿನ ಮೇಲೆ ಫೋಟೋ ನೋಡ್ತು. ನೋಡಿ, 'ಇದಿ ನೇನು ಕದಾ!' ಅಂದ್ಬಿಡ್ತು."

ಇದು ನಾನಲ್ಲವೇ ಎಂದು ಆಕೆ ಉದ್ಗರಿಸಿದ್ದು. ಚಿತ್ರದಲ್ಲಿ ಮುಖ ತಿರುಗಿಸಿಕೊಂಡು ಕೂತವಳೇ ಆಕೆ. ಹೇಳಿದ ಮೇಲೆ ಗೊತ್ತಾಯಿತು, ಗಲ್ಲದ ಕುಳಿ ಹಾಗೇ ಇತ್ತು. ಯೋಚಿಸಿದರೆ ಇದು ಅಂಥ ವಿಚಿತ್ರವೂ ಅಲ್ಲ. ಆ ಕಾಲದಲ್ಲಿ ಸುತ್ತಲ ಹಳ್ಳಿಗಳಿಂದ ಫೋಟೋ ತೆಗೆಸಿಕೊಳ್ಳಲು ಜನ ಚಿಂತಾಮಣಿಗೆ ಬರುತ್ತಿದ್ದರು. ಆದರೂ ನನಗೆ ದಿಗಿಲಾಯಿತು. ಯಾರದೋ ಚಿತ್ರ ಹಿಡಿದು ಇವರೆಲ್ಲ ಮನಬಂದಂತೆ ಬರೆದಿದ್ದಾರೆ, ಬರೆಸಿದವಳು ನಾನು. ಆಕೆ ಜಗಳಕ್ಕೆ ಬಂದಿದ್ದರೆ ನಾನು ಏನು ಹೇಳಲಿ?

"ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದೆ.

ಆಕೆ ಕೂರಲಿಲ್ಲ. ಕೋಣೆಯನ್ನೆಲ್ಲ ಒಮ್ಮೆ ನೋಡಿ, "ನನ್ನ ಫೋಟೋ ಇಟ್ಕೊಂಡು ಕತೆ ಬರ್ದಿದೀರಂತೆ. ನಂಗೆ ಓದೋಕೆ ಬರಲ್ಲ. ಓದ್ರಮ್ಮ, ಕೇಳಣ" ಅಂದಳು. ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ.

ಸಹಾಯಕಿ ತಲೆ ತಗ್ಗಿಸಿ ನಿಂತುಬಿಟ್ಟಳು. ಅವಳ ಹಾಳೆಯನ್ನು ಹುಡುಗಿಯೇ ತೆಗೆದುಕೊಂಡು ಓದಿದಳು. ಹಿರಿಸೊಸೆಯ ಮುನಿಸು, ಅತ್ತೆಯ ಉಪಾಯ, ಸ್ಟುಡಿಯೋದವರೆಗೂ ಇಬ್ಬರೂ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದದ್ದು. ಓದುತ್ತಿದ್ದಂತೆ ಬಂದಾಕೆಯ ತುಟಿಯ ಕೊನೆ ಕುಣಿಯತೊಡಗಿತು. ಕೊನೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೇಬಿಟ್ಟಳು.

"ನಂಗೆ ಓರಗಿತ್ತಿನೇ ಇಲ್ಲ ಕಣೇ! ನಮ್ಮನೆಯವ್ರು ಒಬ್ರೇ ಮಗ. ನಮ್ಮತ್ತೆ ಇದ್ದಿದ್ರೆ ನಿನ್ನ ಸುಮ್ನೆ ಬಿಡ್ತಿರ್ಲಿಲ್ಲ."

"ತಪ್ಪಾಯ್ತಮ್ಮ" ಅಂದಳು ಸಹಾಯಕಿ. "ನಂದೇ ಮನೆ ಜಗಳ ಬರ್ದ್ಬಿಟ್ಟೆ."

"ಬರ್ಕೊ, ಬರ್ಕೊ. ಇನ್ನೊಂದು ಐತಂತಲ್ಲ, ಅದೂ ಓದು."

ಇನ್ನೊಂದು ಹುಡುಗಿಯದೇ. ಬೇರೆಯವಳದನ್ನು ಓದುವಾಗ ಇದ್ದ ಧೈರ್ಯ ತನ್ನದನ್ನು ಓದುವಾಗ ಇರಲಿಲ್ಲ. ಇಬ್ಬರು ಗೆಳತಿಯರು, ಒಬ್ಬಳು ನಾಳೆ ಊರು ಬಿಡುತ್ತಾಳೆ, ಆ ಮಾತು ಬಾಯಿಗೆ ತರಬಾರದೆಂದು ಇಬ್ಬರೂ ದಿನವಿಡೀ ಬಳೆ ಅಂಗಡಿ, ಹೋಟೆಲು ಎಂದು ತಿರುಗುತ್ತಾರೆ. ಫೋಟೋದವನು "ಇಲ್ಲಿ ನೋಡಿ" ಎಂದಾಗ ಒಬ್ಬಳಿಗೆ ನೋಡಲಾಗುವುದಿಲ್ಲ, ಏಕೆಂದರೆ ನೋಡಿದರೆ ದಿನ ಮುಗಿದುಹೋಗುತ್ತದೆ. ಅವಳು ಓದಿ ಮುಗಿಸಿದಾಗ ಬಂದಾಕೆ ನಗಲಿಲ್ಲ. ಕುರ್ಚಿಯನ್ನು ತಾನಾಗಿಯೇ ಎಳೆದುಕೊಂಡು ಕೂತಳು.

"ನಿಂಗೆ ಯಾರು ಹೇಳಿದ್ರು ಇದನ್ನ?"

"ಯಾರೂ ಇಲ್ಲ. ಫೋಟೋ ನೋಡಿ ಬರ್ದಿದ್ದು" ಎಂದಳು ಹುಡುಗಿ, ಗಾಬರಿಯಿಂದ.

"ಪೂರ್ತಿ ನಿಜ ಅಲ್ಲ. ಆದ್ರೆ ಎಲ್ಲೋ ಹತ್ರ ಬಂದಿದೀಯ." ಆಕೆ ಫೋಟೋವನ್ನು ಕೈಗೆ ತೆಗೆದುಕೊಂಡು, ಕ್ಯಾಮೆರಾ ನೋಡುತ್ತಿದ್ದ ತರುಣಿಯ ಮೇಲೆ ಬೆರಳಿಟ್ಟಳು. "ಈಯಮ್ಮ ನಮ್ಮ ಪಕ್ಕದ ಮನೇಲಿತ್ತು. ಅವರ ಯಜಮಾನ್ರು ದನದ ಆಸ್ಪತ್ರೇಲಿ ಕೆಲ್ಸ, ಬೇರೆ ಕಡೆಯಿಂದ ವರ್ಗ ಆಗಿ ಬಂದಿದ್ರು. ನಂಗೂ ಆಯಮ್ಮಂಗೂ ಒಂದೇ ತಿಂಗ್ಳಲ್ಲಿ ಮಗು ಆಯ್ತು. ಬಾಣಂತಿಯಾಗಿದ್ದಾಗ ನಂಗೆ ಜ್ವರ ಬಂದು ಮೈಮೇಲೆ ಎಚ್ಚರ ಇರ್ಲಿಲ್ಲ. ಹಾಲು ಬತ್ತಿಹೋಯ್ತು. ಮಗು ಹಸುವಿನ ಹಾಲು ಕುಡಿದ್ರೆ ವಾಂತಿ ಮಾಡ್ಕೊಳ್ತಿತ್ತು. ಬದುಕಲ್ಲ ಅಂತ ಅಂದ್ಕೊಂಡ್ರು. ಆಯಮ್ಮ ಯಾರನ್ನೂ ಕೇಳ್ಲಿಲ್ಲ. ಒಳಗೆ ಬಂದು ಮಗೂನ ಎತ್ಕೊಂಡು ಎದೆಗೆ ಹಾಕ್ಕೊಂಡ್ತು. ಒಂದು ಕಡೆ ತನ್ ಮಗು, ಒಂದು ಕಡೆ ನನ್ ಮಗು. ನಾನು ಏಳೋವರ್ಗೂ ಹಂಗೇ ಸಾಕ್ತು."

ಸಹಾಯಕಿ ಮೆಲ್ಲಗೆ ಆಕೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ನಂಗೆ ವಾಸಿ ಆದ್ಮೇಲೆ, ನಾಲ್ಕು ಜನ ಸೇರಿ ಒಂದು ಫೋಟೋ ತೆಗೆಸಣ ಅಂತ ಆಯಮ್ಮಾನೇ ಅಂತು. ನಾವಿಬ್ರು, ಎರಡು ಮಕ್ಳು. ಚಿಂತಾಮಣಿಗೆ ಹೋದ್ವಿ. ಆ ಲೈಟ್ ನೋಡಿ ಎರಡೂ ಕಿರುಚ್ಕೊಂಡ್ವು. ಫೋಟೋದೋರು ಪಾಪ ಗಿಲಕಿ ಆಡ್ಸಿದ್ರು, ಏನೇನೋ ಮಾಡಿದ್ರು. ಆಗ್ಲೇ ಇಲ್ಲ. ಕೊನೆಗೆ, ಮಕ್ಳನ್ನ ಆ ಕಡೆ ಚಾಪೆ ಮೇಲೆ ಮಲಗ್ಸಿ, ನೀವಿಬ್ರೇ ಕೂತ್ಕೊಳ್ಳಿ ಅಂದ್ರು. ನಾನು ಆ ಕಡೆ ನೋಡ್ತಿರೋದು ಮುನಿಸ್ಕೊಂಡಲ್ಲ ಕಣ್ರೇ. ಮಕ್ಳನ್ನ ನೋಡ್ತಿದ್ದೆ, ಎಲ್ಲಿ ಉರುಳಿ ಬೀಳ್ತಾವೋ ಅಂತ."

"ಮತ್ತೆ ಫೋಟೋ ಯಾಕೆ ತಗೊಂಡು ಹೋಗಲಿಲ್ಲ?" ಅಂದೆ ನಾನು.

"ಒಂದು ವಾರ ಬಿಟ್ಟು ಬನ್ನಿ ಅಂದಿದ್ರು. ಅಷ್ಟ್ರಲ್ಲಿ ಅವರ ಯಜಮಾನ್ರಿಗೆ ವರ್ಗ ಆಗೋಯ್ತು. ಲಾರಿಗೆ ಸಾಮಾನು ಹೇರ್ಕೊಂಡು ಹೋಗ್ಬಿಟ್ರು. ಇಬ್ರೂ ಹೋಗಿ ತರಣ ಅಂತಿದ್ವಿ. ನಂಗೊಬ್ಳಿಗೇ ಹೋಗೋಕೆ ಮನ್ಸು ಬರ್ಲಿಲ್ಲ. ಇವತ್ತು, ನಾಳೆ ಅಂತ ಇದ್ದು ಹಂಗೇ ಉಳ್ದೋಯ್ತು."

ಆ ಮಗು ಈಗ ಏನು ಮಾಡುತ್ತಿದೆ ಎಂದು ಯಾರೋ ಕೇಳಿದರು. ಆಕೆಯ ಮುಖ ಅರಳಿತು. "ಅಂಗನವಾಡಿಗೆ ಬಿಡೋಕೆ ಬರ್ತೀನಲ್ಲ ಮೊಮ್ಮಗ್ಳು, ಅವ್ಳ ಅಪ್ಪಾನೇ ಕಣಮ್ಮ ಅವ್ನು. ಹಾಲಿನ ಡೈರಿಗೆ ಹೋಗ್ತಾನೆ."

ಫೋಟೋವನ್ನು ಆಕೆಗೇ ಕೊಟ್ಟೆ. ತೆಗೆದುಕೊಂಡು, ಕನ್ನಡಿ ಒರೆಸುವಂತೆ ಸೆರಗಿನಿಂದ ಒರೆಸಿದಳು. ಹೊರಡುವಾಗ ಹುಡುಗಿಯ ಕೆನ್ನೆ ಮುಟ್ಟಿ, "ಮಕ್ಳನ್ನೂ ಸೇರ್ಸಿ ಬರಿಯಮ್ಮ. ಫೋಟೋದಲ್ಲಿ ಬರ್ಲಿಲ್ಲ, ಅದ್ರಲ್ಲಾದ್ರೂ ಬರ್ಲಿ" ಅಂದಳು.

ಮುಂದಿನ ವಾರ ಇಬ್ಬರೂ ಬರೆದು ತಂದರು. ಹುಡುಗಿ ಬಳೆ ಅಂಗಡಿ, ಹೋಟೆಲುಗಳನ್ನೆಲ್ಲ ಕಿತ್ತುಹಾಕಿ, ಜ್ವರದ ಕೋಣೆಯಿಂದ ಶುರು ಮಾಡಿದ್ದಳು. ಪಕ್ಕದ ಮನೆಯಾಕೆ ಒಳಗೆ ಬರುವಾಗ ಚಪ್ಪಲಿ ಬಿಡುವುದನ್ನೂ ಮರೆತಳು ಎಂದು ಬರೆದಿದ್ದಳು. ಅದನ್ನು ಯಾರೂ ಹೇಳಿರಲಿಲ್ಲ, ಅವಳಿಗೇ ಹೊಳೆದದ್ದು. ಸಹಾಯಕಿ ಬರೆದದ್ದು ಬರೀ ಚಾಪೆಯ ಮೇಲಿನ ಮಕ್ಕಳ ಬಗ್ಗೆ. ಎಷ್ಟೋ ವರ್ಷ ಮಕ್ಕಳ ಅಳುವಿನ ನಡುವೆಯೇ ಬದುಕಿದವಳಲ್ಲವೇ? ಹಸಿವಿನ ಅಳು ಹೇಗಿರುತ್ತದೆ, ನಿದ್ದೆಯ ಅಳು ಹೇಗಿರುತ್ತದೆ, ಹೆದರಿದ ಅಳು ಹೇಗೆ ಮಧ್ಯೆ ಮಧ್ಯೆ ನಿಂತು ಸುತ್ತ ನೋಡುತ್ತದೆ ಎಂದು ವಿವರವಾಗಿ ಬರೆದಿದ್ದಳು. "ಒಂದು ಮಗು ಅತ್ತರೆ ಇನ್ನೊಂದು ಮಗುವಿಗೆ ಕಾರಣ ಬೇಕಿಲ್ಲ" ಎಂಬ ಸಾಲು ನನಗಿನ್ನೂ ಬಾಯಿಪಾಠವಿದೆ. ಪುಟವಿಡೀ ಒಂದೇ ಒಂದು ಕಡೆ ಹೆಂಗಸು "ನೋಡಿತು". ನಾನು ಕೆಂಪು ಪೆನ್ನು ತೆಗೆಯುವ ಮೊದಲೇ ಅವಳು, "ಗೊತ್ತಾಯ್ತು ಮೇಡಂ, ಅವ್ರಿಗೆ ಗೊತ್ತಿಲ್ಲ" ಎಂದು ತಾನೇ ತಿದ್ದಿಕೊಂಡಳು.

ಇದಾದ ಮೇಲೆ ನಾನು ಡಬ್ಬದ ಫೋಟೋಗಳನ್ನು ಬಳಸುವುದನ್ನು ಕಡಿಮೆ ಮಾಡಿದೆ. ಮನೆಯಿಂದಲೇ ತನ್ನಿ ಅಂದೆ. ಗೋಡೆಯಿಂದ ಇಳಿಸಿದ ಕಟ್ಟು ಹಾಕಿದ ಚಿತ್ರಗಳು, ಗುರುತಿನ ಚೀಟಿಯ ಚಿತ್ರಗಳು, ಮದುವೆ ಆಲ್ಬಮ್ಮಿನಿಂದ ಎಬ್ಬಿಸಿದ ಚಿತ್ರಗಳು ಬಂದವು. ಫೋಟೋ ತರಲು ಮನೆಯವರು ಒಪ್ಪದಿದ್ದರೆ ನೋಡಿಕೊಂಡು ಬಂದು ನೆನಪಿನಿಂದ ಬರೆಯುತ್ತಿದ್ದರು. ಅದೂ ಚೆನ್ನಾಗಿಯೇ ಇರುತ್ತಿತ್ತು.

ಮಾರ್ಚಿ ಕಳೆದು ಪರೀಕ್ಷೆ ಬಂತು. ಪ್ರಬಂಧಕ್ಕೆ ರಾಷ್ಟ್ರೀಯ ಹಬ್ಬಗಳ ಬಗ್ಗೆ ಕೇಳಿದ್ದರು. ಮುಗಿಸಿ ಹೊರಬಂದ ಹುಡುಗಿ, "ಮೊದ್ಲು ಗೈಡಿಂದೇ ನೆನಪಾಯ್ತು ಮಿಸ್. ಆಮೇಲೆ, ನಮ್ಮ ಬೀದೀಲಿ ಏನ್ ಮಾಡ್ತಾರೆ ಅಂತ ಕಣ್ಮುಚ್ಕೊಂಡು ನೋಡ್ದೆ" ಅಂದಳು. ಸಹಾಯಕಿಯ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ. ಕನ್ನಡದ್ದಲ್ಲ, ಮರುದಿನದ ಗಣಿತದ್ದು ಅವಳ ಚಿಂತೆ.

ಅವಳ ಭಯ ಸುಳ್ಳಾಗಲಿಲ್ಲ. ಹುಡುಗಿ ಪಾಸಾದಳು. ಸಹಾಯಕಿ ಕನ್ನಡದಲ್ಲಿ ಒಳ್ಳೆಯ ಅಂಕ ತೆಗೆದು ಗಣಿತದಲ್ಲಿ ನಪಾಸಾದಳು. ಫಲಿತಾಂಶದ ದಿನ ಹುಡುಗಿ ತನ್ನ ಸಂತೋಷವನ್ನು ಹೇಳಿಕೊಳ್ಳಲು ಸಂಕೋಚಪಟ್ಟು ನಿಂತಿದ್ದಳು. ಸಹಾಯಕಿಯೇ ಅವಳ ಬೆನ್ನಿಗೊಂದು ಗುದ್ದಿ, "ಯಾಕೇ ಸತ್ತೋರ ಮನೇಗೆ ಬಂದಂಗೆ ನಿಂತಿದೀಯ? ನಂಗೆ ಲೆಕ್ಕ ಹೇಳ್ಕೊಡು ಬಾ" ಅಂದಳು. ಹುಡುಗಿ ಹೇಳಿಕೊಟ್ಟಳು. ಕಾಲೇಜಿಗೆ ಸೇರಿದ ಮೇಲೂ ಭಾನುವಾರ ಬರುತ್ತಿದ್ದಳು, ತಾನು ಕಲಿಯಲಿಕ್ಕಲ್ಲ, ಅಕ್ಕನಿಗೆ ಕಲಿಸಲಿಕ್ಕೆ. ಆ ಬೆಂಚಿನಿಂದ ಒಮ್ಮೊಮ್ಮೆ ಅವಳ ಗದರಿಕೆ ಕೇಳುತ್ತಿತ್ತು. ನನಗೆ ನಗು ಬರುತ್ತಿತ್ತು, ಟೀಚರ್ ಆಗುವ ಲಕ್ಷಣವೆಲ್ಲ ಇತ್ತು.

ಫೋಟೋದ ಹೆಂಗಸು ತನ್ನ ಗೆಳತಿಯನ್ನು ಹುಡುಕಲು ಮಗನನ್ನು ಕಳಿಸಿದಳೆಂದು ಕೇಳಿದೆ. ದನದ ಆಸ್ಪತ್ರೆಯವರಲ್ಲಿ ವಿಚಾರಿಸಿದಾಗ, ಆ ಕುಟುಂಬ ಗೌರಿಬಿದನೂರಿಗೆ ಹೋಗಿ ಅಲ್ಲಿಂದ ಮತ್ತೆಲ್ಲಿಗೋ ಹೋಯಿತೆಂಬುದಷ್ಟೇ ತಿಳಿಯಿತು. ಕೆಲವು ವರ್ಷಗಳ ನಂತರ ನನಗೂ ಗೌರಿಬಿದನೂರಿಗೇ ವರ್ಗವಾಯಿತು. ಅಲೀಪುರದಿಂದ, ಕುಡುಮಲಕುಂಟೆಯ ಕಾರ್ಖಾನೆಗಳ ಸುತ್ತಲಿಂದ ಬರುವ ಮಕ್ಕಳಿಗೆ ಕನ್ನಡ ಹೇಳುತ್ತ, ಅವರು ತಂದ ಫೋಟೋಗಳನ್ನು ನೋಡುವಾಗ, ವಯಸ್ಸಾದ ಹೆಂಗಸು ಯಾರಾದರೂ ಕಂಡರೆ ಒಂದು ಗಳಿಗೆ ಹೆಚ್ಚು ಹೊತ್ತು ನೋಡುತ್ತಿದ್ದೆ. ಸಿಗಲಿಲ್ಲ. ನಾನು ಅಷ್ಟಾಗಿ ನಿರೀಕ್ಷಿಸಿಯೂ ಇರಲಿಲ್ಲ.

ಸಹಾಯಕಿ ತಾನು ನಪಾಸಾದ ಅದೇ ವರ್ಷದ ಅಕ್ಟೋಬರಿನ ಪರೀಕ್ಷೆಯಲ್ಲಿ ಪಾಸಾದಳು. ಆ ಸುದ್ದಿ ಹೇಳಲು ಗಂಡನ ಜೊತೆ ಚಿಕ್ಕಬಳ್ಳಾಪುರದ ನಮ್ಮ ಮನೆಗೇ ಬಂದಳು, ಒಂದು ಪಾತ್ರೆ ಗಿಣ್ಣು ಹಿಡಿದುಕೊಂಡು. ಅವರ ಹಸು ಆಗಷ್ಟೇ ಕರು ಹಾಕಿತ್ತು. ಗಂಡ ಮಾತು ಕಡಿಮೆಯ ಮನುಷ್ಯ, ಜಗಲಿಯ ತುದಿಯಲ್ಲೇ ಕೂತಿದ್ದ.

"ಇನ್ನೇನಮ್ಮ, ಕಾರ್ಯಕರ್ತೆ ಆಗ್ಬಿಡ್ತೀಯ" ಅಂದೆ.

"ಜಾಗ ಖಾಲಿ ಆಗ್ಬೇಕಲ್ಲ ಮೇಡಂ. ಆದಾಗ ಆಗ್ಲಿ. ಅಲ್ಲೀವರ್ಗೂ ಅಡುಗೆ ಇದ್ದೇ ಐತೆ." ಆಮೇಲೆ ಗಂಡನ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು. "ನಮ್ಮ ಓರಗಿತ್ತಿ ಮೊನ್ನೆ ಮನೇಗೆ ಬಂದಿತ್ತು. ನಾನು ಬರ್ದಿದ್ದ ಆ ಕತೆ ಓದಿ ಹೇಳ್ದೆ. ಹೆಸರು ಹೇಳ್ಲಿಲ್ಲ, ಯಾರ್ದೋ ಫೋಟೋ ಕತೆ ಅಂದೆ."

"ಏನಂದ್ಲು?"

"ಪೂರ್ತಿ ಕೇಳಿಸ್ಕೊಳ್ತು. ಆಮೇಲೆ, 'ಆ ದೊಡ್ಡ ಸೊಸೇದೂ ತಪ್ಪಿಲ್ಲ ಬಿಡು' ಅಂತು. ದೊಡ್ಡ ಸೊಸೆ ಅಂದ್ರೆ ನಾನೇ ಅಲ್ವಾ ಮೇಡಂ!"

ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ಏನೆಂದು ತಿಳಿಯದೆ ಜಗಲಿಯ ಮೇಲಿದ್ದ ಗಂಡನೂ ನಗತೊಡಗಿದ. ನಾನು ಒಳಗೆ ಹೋಗಿ ಗಿಣ್ಣನ್ನು ಮೂರು ತಟ್ಟೆಗೆ ಹಾಕಿಕೊಂಡು ಬಂದೆ.